ಕೆಂಪಗಿದ್ದರೂ ಅದು ಹಸಿ ಮೆಣಸಿನಕಾಯಿಯೇ

ಪ್ರಶ್ನೆ: ಮೇಷ್ಟ್ರೇ, ನಾನು ಮಂಡ್ಯ ಕಡೆಯವಳು. ಈಗ ಮೈಸೂರಿನಲ್ಲಿ ಕೆಲಸ. ಮೊನ್ನೆ ದೇವರಾಜ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುವಾಗ ಹಸಿ ಮೆಣಸಿನಕಾಯಿ ಗುಡ್ಡೆಯಲ್ಲಿ ಒಂದೆರಡು ಕಾಯಿ ಹಣ್ಣಾಗಿ ಕೆಂಪಗಿದ್ದವು. ಆರು ವರ್ಷದ ಮಗಳು ಒಂದನ್ನು ಎತ್ತಿಕೊಂಡು "ಇದು ಹಸಿ ಮೆಣಸಿನಕಾಯಾ, ಒಣ ಮೆಣಸಿನಕಾಯಾ?" ಅಂದಳು. ಹಸಿ ಅಂದೆ. "ಮತ್ತೆ ಹಸಿರಾಗಿಲ್ವಲ್ಲ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಹಸಿ, ಹಸಿರು ಎರಡೂ ಒಂದೇನಾ? ಎಲೆಗಳೆಲ್ಲ ಹಸಿರೇ ಯಾಕೆ? ಸೊಪ್ಪು ಬೇಯಿಸಿದರೆ ಒಂದು ಸಲ ಹಸಿರಾಗಿಯೇ ಉಳಿಯುತ್ತದೆ, ಇನ್ನೊಂದು ಸಲ ಮಂಕಾಗುತ್ತದೆ, ಯಾಕೆ? ಕೊನೆಯದು ನಮ್ಮಪ್ಪನ ವಿಚಾರ. ಗದ್ದೆ ಕಡುಹಸಿರಾಗಿದ್ದರೆ ಖುಷಿಪಡುವುದು ಬಿಟ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಅದ್ಯಾಕೆ?

ಉತ್ತರ: ಮಗಳಿಗೆ ಮೊದಲು ಇಷ್ಟು ಹೇಳಿಬಿಡಿ ತಾಯಿ. ನೀವು ಕೊಟ್ಟ ಉತ್ತರವೂ ಸರಿ, ಅವಳ ಅನುಮಾನವೂ ಸರಿ. ನಾನು ಮೂವತ್ತು ವರ್ಷ ಹುಡುಗರಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟವನು. ಎಲೆಯ ಹಸಿರಿಗೆ 'ಪತ್ರಹರಿತ್ತು' ಅಂತ ಬೋರ್ಡಿನ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ಒಬ್ಬ ಹುಡುಗನೂ ಎದ್ದು ನಿಂತು "ಸಾರ್, ಹಸಿಗೂ ಹಸಿರಿಗೂ ಏನು ಸಂಬಂಧ?" ಅಂತ ಕೇಳಲಿಲ್ಲ. ನಾನಾದರೂ ಯೋಚಿಸಿದ್ದು ರಿಟೈರ್ ಆದ ಮೇಲೆಯೇ.

ನಾವು ಯಾವ್ಯಾವುದಕ್ಕೆ ಹಸಿ ಅನ್ನುತ್ತೇವೆ, ಒಂದು ಸಲ ನೆನಪು ಮಾಡಿಕೊಳ್ಳಿ. ಹಸಿ ಶುಂಠಿ, ಹಸಿ ಕಡಲೆಕಾಯಿ, ಹಸಿ ಕಟ್ಟಿಗೆ, ಹಸಿ ಗೋಡೆ, ಹಸಿ ಗಾಯ, ಹಸಿ ಬಾಣಂತಿ, ಹಸಿಗೂಸು. ಹಸಿ ಸುಳ್ಳು ಕೂಡ ಇದೆ! ಇದರಲ್ಲಿ ಹಸಿರು ಬಣ್ಣದ್ದು ಎಷ್ಟಿದೆ? ಶುಂಠಿ ಹಸಿರಲ್ಲ, ಗೋಡೆ ಹಸಿರಲ್ಲ, ಬಾಣಂತಿಯಂತೂ ಅಲ್ಲವೇ ಅಲ್ಲ. ಇನ್ನೂ ಒಣಗಿಲ್ಲ, ಬೆಂದಿಲ್ಲ, ಮಾಗಿಲ್ಲ, ಒಳಗೆ ನೀರಿದೆ, ಜೀವ ಆಡುತ್ತಿದೆ ಅನ್ನುವುದಕ್ಕೆಲ್ಲ ಹಸಿ. ಅದೇ ಮಾತಿನಿಂದ ಬಣ್ಣದ ಹೆಸರೂ ಹುಟ್ಟಿಕೊಂಡಿತು. ಗಿಡದ ಮೇಲೆ ಹಸಿಯಾಗಿ ಇರುವುದರ ಬಣ್ಣ ಯಾವುದೋ ಅದು ಹಸಿರು. ಹಾಗಾಗಿ ಕೆಂಪಗಾದ ಮೆಣಸಿನಕಾಯಿ ಹಸಿರು ಕಳೆದುಕೊಂಡಿದೆ, ಹಸಿ ಕಳೆದುಕೊಂಡಿಲ್ಲ. ಒಳಗೆ ನಡೆದದ್ದು ಇಷ್ಟೇ. ಹಸಿರು ಬಣ್ಣ ಒಡೆದುಹೋಯಿತು, ಅದರ ಜಾಗದಲ್ಲಿ ಕ್ಯಾಪ್ಸಾಂಥಿನ್ ಅನ್ನುವ ಕೆಂಪು ತಯಾರಾಯಿತು. ನೀರು ಮಾತ್ರ ಹಾಗೆಯೇ ಇದೆ.

ಇದಕ್ಕೆ ಸರಿಯಾಗಿ ತಿರುಗುಮುರುಗಾದದ್ದು ಅದೇ ಮಾರ್ಕೆಟ್ಟಿನಲ್ಲಿ ನಾಲ್ಕು ಹೆಜ್ಜೆ ಆಚೆ ಸಿಗುತ್ತದೆ. ಪಚ್ಚಬಾಳೆ. ಅದು ಪೂರ್ತಿ ಹಣ್ಣಾದರೂ ಸಿಪ್ಪೆ ಹಸಿರು. ನಮ್ಮ ಸೆಕೆಗೆ ಆ ಜಾತಿಯ ಸಿಪ್ಪೆಯ ಹಸಿರು ಸರಿಯಾಗಿ ಒಡೆಯುವುದಿಲ್ಲ. ಒಳಗಿನ ತಿರುಳು ಮಾತ್ರ ಮೆತ್ತಗಾಗುತ್ತದೆ. ಅದೇ ಕಾಯಿಯನ್ನು 15–20 ಡಿಗ್ರಿಯ ತಂಪು ಕೋಣೆಯಲ್ಲಿಟ್ಟು ಹಣ್ಣು ಮಾಡಿದರೆ ನೀಟಾಗಿ ಹಳದಿಯಾಗುತ್ತದೆ. ಸೂಪರ್ ಮಾರ್ಕೆಟ್ಟಿನ ಹಳದಿ ಹಣ್ಣಿನ ಗುಟ್ಟು ಅದು.

ಪಚ್ಚಬಾಳೆಯ ಪಚ್ಚೆಯೂ ನಮ್ಮ ಹಸಿರಿನ ಅಣ್ಣನೇ. ಹಳಗನ್ನಡದಲ್ಲಿ ಹಸಿರು 'ಪಸುರ್' ಆಗಿತ್ತು, ಹಸಿ 'ಪಸಿ' ಆಗಿತ್ತು. ಸುಮಾರು ಸಾವಿರ ವರ್ಷದ ಹಿಂದಿನಿಂದ ಕನ್ನಡದಲ್ಲಿ ಮಾತಿನ ಮೊದಲಿಗೆ ಬರುವ 'ಪ' ನಿಧಾನವಾಗಿ 'ಹ' ಆಗುತ್ತಾ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂವು ಹೂವಾಯಿತು, ಪಸುರು ಹಸಿರಾಯಿತು. ಪಚ್ಚೆ ಮಾತ್ರ ಎರಡು ವೇಷದಲ್ಲೂ ಉಳಿದುಕೊಂಡಿದೆ. ಪಚ್ಚೆ ಅಂದರೆ ಹಸಿರು ಹರಳು, ಹಚ್ಚೆ ಅಂದರೆ ಮೈಮೇಲೆ ಚುಚ್ಚಿಸಿಕೊಳ್ಳುವುದು. ನಿಮ್ಮಜ್ಜಿಯ ಕೈಮೇಲಿನ ಹಚ್ಚೆ ನೋಡಿದ್ದೀರಲ್ಲ? ಚುಚ್ಚುವಾಗ ಹಾಕುತ್ತಿದ್ದದ್ದು ಮಸಿ, ಕಪ್ಪು ಬಣ್ಣ. ಆದರೆ ಚರ್ಮದ ಅಡಿಗೆ ಹೋದ ಕಪ್ಪು ಹೊರಗೆ ಕಾಣುವಾಗ ಹಸಿರು ಮಿಶ್ರಿತ ನೀಲಿ. ಕಂಡ ಹಾಗೆ ಹೆಸರಿಟ್ಟರು. ಕಲ್ಯಾಣಿಯ ಮೆಟ್ಟಿಲ ಮೇಲೆ ಜಾರಿಸುವ ಪಾಚಿಯೂ ಇದೇ ಬೇರಿನದು. ಹಸಿವು ಮಾತ್ರ ಈ ಮನೆಯ ಕೂಸಲ್ಲ. ಕೇಳೋದಕ್ಕೆ ಒಂದೇ ಥರ ಇದೆ, ಬೇರು ಬೇರೆ.

ನೆರೆಮನೆಗಳಲ್ಲೂ ಇದೇ ಕಥೆ. ತಮಿಳರ ಪಚ್ಚರಿಸಿ ಬೆಳ್ಳಗಿರುತ್ತದೆ. ಭತ್ತವನ್ನು ಬೇಯಿಸದೆ ಮಾಡಿದ ಅಕ್ಕಿ ಅಂತ ಅದಕ್ಕೆ ಆ ಹೆಸರು, ಬಣ್ಣಕ್ಕಲ್ಲ. ತೆಲುಗರಿಗೆ 'ಪಚ್ಚ' ಅಂದರೆ ಹಳದಿಯೂ ಆದೀತು, ಹಸಿರೂ ಆದೀತು. ಅನುಮಾನ ಬಂದರೆ ಹಸಿರಿಗೆ 'ಆಕುಪಚ್ಚ' ಅಂತ ಎಲೆಯನ್ನು ಮುಂದಿಟ್ಟು ಬಿಡಿಸಿ ಹೇಳುತ್ತಾರೆ. ಇನ್ನೂ ದೂರ ಹೋಗೋಣ. ಎಲೆಯ ಹಸಿರಿಗೆ ಕ್ಲೋರೋಫಿಲ್ ಅಂತ ಹೆಸರಿಟ್ಟವರು ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವೆಂಟು ಅನ್ನುವ ಇಬ್ಬರು, ಸುಮಾರು 1817ರಲ್ಲಿ. ಗ್ರೀಕಿನಲ್ಲಿ 'ಕ್ಲೋರೋಸ್' ಅಂದರೆ ಎಳೆ ಹಸಿರು, 'ಫಿಲ್ಲಾನ್' ಅಂದರೆ ಎಲೆ. ಆದರೆ ಹಳೆಯ ಗ್ರೀಕ್ ಕವಿಗಳು ಆಗತಾನೇ ಸುರಿದ ರಕ್ತಕ್ಕೂ ಕ್ಲೋರೋಸ್ ಅಂದಿದ್ದಾರೆ, ಕಣ್ಣೀರಿಗೂ ಅಂದಿದ್ದಾರೆ. ಹಸಿರು ರಕ್ತ ಅಂತ ಓದಿದ ಇಂಗ್ಲಿಷ್ ಪಂಡಿತರು ತಲೆ ಕೆರೆದುಕೊಂಡರು. ಮಂಡ್ಯದ ಯಾವ ಅಜ್ಜಿಯಾದರೂ ಹೇಳಿಬಿಡುತ್ತಿದ್ದರು: ಹಸಿ ರಕ್ತ ಕಣಪ್ಪಾ!

ಭಾಷೆಯ ಬಗ್ಗೆ ಇನ್ನೊಂದೇ ಮಾತು. 1969ರಲ್ಲಿ ಬರ್ಲಿನ್ ಮತ್ತು ಕೇ ಅನ್ನುವ ಇಬ್ಬರು ಅಮೆರಿಕದ ವಿದ್ವಾಂಸರು ಲೋಕದ ಹತ್ತಾರು ಭಾಷೆಗಳ ಬಣ್ಣದ ಹೆಸರುಗಳನ್ನು ಜಾಲಾಡಿದರು. ಕಪ್ಪು ಬಿಳುಪಿಗೆ ಎಲ್ಲ ಭಾಷೆಯಲ್ಲೂ ಹೆಸರಿರುತ್ತದೆ, ಆಮೇಲೆ ಕೆಂಪು, ಆಮೇಲೆ ಹಸಿರು ಹಳದಿ, ನೀಲಿ ಬರುವುದು ತಡವಾಗಿ ಅಂದರು. ಇದರ ಮೇಲೆ ಜಗಳಗಳಿವೆ, ಇರಲಿ. ಕನ್ನಡ ನೋಡಿ: ಕಪ್ಪು, ಬಿಳಿ, ಕೆಂಪು, ಹಸಿರು ನಮ್ಮವು. ಹಳದಿ, ನೀಲಿ ಸಂಸ್ಕೃತದ ಕಡೆಯಿಂದ ಬಂದವು. ಜಪಾನಿನವರು ಇವತ್ತಿಗೂ ಸಿಗ್ನಲ್ಲಿನ ಹಸಿರು ದೀಪವನ್ನು 'ಆವೊ' ಅನ್ನುತ್ತಾರೆ, ಅದು ನೀಲಿಗೂ ಅದೇ ಹೆಸರು. ಅವರಿಗೆ ಹಸಿರು ಕಾಣುವುದಿಲ್ಲ ಅಂತಲ್ಲ. ಹಿಂದೆ ಎರಡಕ್ಕೂ ಒಂದೇ ಹೆಸರಿತ್ತು, ದೀಪದ ವಿಷಯದಲ್ಲಿ ಹಾಗೇ ಉಳಿಯಿತು.

ಈಗ ಎಲೆಗೆ ಬರೋಣ. ಪುಸ್ತಕದಲ್ಲಿ ಬರೆಯುವುದು ಹೀಗೆ: ಎಲೆಯ ಪತ್ರಹರಿತ್ತು ಬಿಸಿಲಿನ ನೀಲಿಯನ್ನೂ ಕೆಂಪನ್ನೂ ಹೀರಿಕೊಳ್ಳುತ್ತದೆ, ಹಸಿರನ್ನು ವಾಪಸ್ ಕಳಿಸುತ್ತದೆ, ಅದಕ್ಕೇ ಎಲೆ ಹಸಿರು. ತಪ್ಪಲ್ಲ. ಆದರೆ ನಾನೂ ವರ್ಷಾನುಗಟ್ಟಲೆ ಹೇಳಿಕೊಟ್ಟ ಒಂದು ಅರ್ಧ ಸತ್ಯ ಇದರ ಜೊತೆಗೆ ಅಂಟಿಕೊಂಡಿದೆ. ಹಸಿರು ಬೆಳಕು ಗಿಡಕ್ಕೆ ಬೇಡವೇ ಬೇಡ ಅನ್ನುವುದು. ನಿಜವಾಗಿ ಒಂದು ದಪ್ಪನೆಯ ಎಲೆ ತನ್ನ ಮೇಲೆ ಬಿದ್ದ ಹಸಿರು ಬೆಳಕಿನಲ್ಲೂ 100ಕ್ಕೆ 70–80 ಪಾಲನ್ನು ಇಟ್ಟುಕೊಳ್ಳುತ್ತದೆ. ಕೆಂಪು, ನೀಲಿಯನ್ನು ಎಲೆಯ ಮೇಲ್ಪದರವೇ ಗಬಗಬ ನುಂಗಿಬಿಡುತ್ತದೆ. ಹಸಿರು ಒಳಗೊಳಗೆ ಇಳಿದು, ಅಲ್ಲಿಲ್ಲಿ ತಾಕಿಕೊಂಡು, ತಳದ ಜೀವಕೋಶಗಳಿಗೂ ಊಟ ಹಾಕುತ್ತದೆ. ಉಳಿದ ಚೂರುಪಾರು ಆಚೆ ಬಂದು ನಮ್ಮ ಕಣ್ಣಿಗೆ ಬೀಳುತ್ತದೆ. ಅಷ್ಟಕ್ಕೇ ಇಡೀ ಬಯಲು ಹಸಿರು ಕಾಣುವುದಕ್ಕೆ ಕಾರಣ ನಮ್ಮ ಕಣ್ಣು. ಹಗಲಿನಲ್ಲಿ ಮನುಷ್ಯನ ಕಣ್ಣು ಬಹಳ ಚುರುಕಾಗಿ ಹಿಡಿಯುವುದು 555 ನ್ಯಾನೊಮೀಟರಿನ ಬೆಳಕನ್ನು. ಅದು ಎಳೆ ಹಸಿರು, ಒಟ್ಲಿನಲ್ಲಿ ಆಗತಾನೇ ಎದ್ದ ಭತ್ತದ ಸಸಿಯ ಬಣ್ಣಕ್ಕೆ ಹತ್ತಿರ. ನಿಮ್ಮ ಮೊಬೈಲ್ ಕ್ಯಾಮೆರಾ ಕೂಡ ಇದನ್ನೇ ನಕಲು ಮಾಡುತ್ತದೆ. ಅದರೊಳಗಿನ ಪ್ರತಿ ನಾಲ್ಕು ಚುಕ್ಕಿಯಲ್ಲಿ ಎರಡು ಹಸಿರಿಗೆ, ಕೆಂಪಿಗೆ ಒಂದು, ನೀಲಿಗೆ ಒಂದು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಅದು.

ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡುವ ಅಭ್ಯಾಸ ಇದ್ದರೆ ಇನ್ನೊಂದನ್ನು ಗಮನಿಸಿ. ಬರುವ ದಾರಿಯಲ್ಲಿ ಯಾರದಾದರೂ ಮನೆ ಕಾಂಪೌಂಡಿನಲ್ಲಿ ಕೆಂಪು ದಾಸವಾಳ ಇರುತ್ತದೆ. ಹಗಲಲ್ಲಿ ಹೂವು ಕಣ್ಣಿಗೆ ಹೊಡೆಯುತ್ತದೆ, ಎಲೆ ಹಿಂದೆ ಸರಿಯುತ್ತದೆ. ಕತ್ತಲೆಯಾಗುವ ಹೊತ್ತಿಗೆ ಹೂವು ಮೊದಲು ಕಪ್ಪಾಗಿ ಮಾಯವಾಗುತ್ತದೆ, ಎಲೆ ಮಾತ್ರ ಇನ್ನೂ ಮಸುಕಾಗಿ ಕಾಣುತ್ತಿರುತ್ತದೆ. ಬೆಳಕು ಕಮ್ಮಿಯಾದ ಹಾಗೆ ಕಣ್ಣು ಬೇರೆ ಥರದ ಕೋಶಗಳಿಗೆ ಕೆಲಸ ವಹಿಸುತ್ತದೆ, ಅವಕ್ಕೆ ಕೆಂಪು ಸರಿಯಾಗಿ ಕಾಣದು. 19ನೇ ಶತಮಾನದಲ್ಲಿ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ ಇದನ್ನು ಗುರುತಿಸಿ ಬರೆದಿಟ್ಟ.

ಪತ್ರಹರಿತ್ತಿನ ಒಂದು ಕಣ ಹೇಗಿದೆ ಅಂದರೆ, ನಡುವೆ ಒಂದು ಮೆಗ್ನೀಸಿಯಂ, ಅದನ್ನು ನಾಲ್ಕು ದಿಕ್ಕಿನಿಂದ ಹಿಡಿದು ನಿಂತ ನಾಲ್ಕು ಸಾರಜನಕ, ಹಿಂದೆ ಒಂದು ಉದ್ದ ಬಾಲ. ಮೆಗ್ನೀಸಿಯಂ ಇದೆ ಅಂತ ತೋರಿಸಿಕೊಟ್ಟ ಜರ್ಮನಿಯ ವಿಲ್‌ಸ್ಟೇಟರ್‌ಗೆ 1915ರಲ್ಲಿ ನೊಬೆಲ್ ಬಂತು. ನಮ್ಮ ರಕ್ತದ ಕೆಂಪಿನಲ್ಲೂ ಸುಮಾರಾಗಿ ಇದೇ ಕಟ್ಟು, ನಡುವೆ ಮೆಗ್ನೀಸಿಯಂ ಬದಲು ಕಬ್ಬಿಣ. ಈ ನಾಲ್ಕು ಸಾರಜನಕ, ಒಂದು ಮೆಗ್ನೀಸಿಯಂ ನೆನಪಿಟ್ಟುಕೊಳ್ಳಿ. ಮೆಗ್ನೀಸಿಯಂ ನಿಮ್ಮ ಅಡುಗೆಮನೆಗೆ ಬೇಕು, ಸಾರಜನಕ ನಿಮ್ಮಪ್ಪನ ಗದ್ದೆಗೆ.

ಅದಕ್ಕೂ ಮೊದಲು ಮಗಳ ಜೊತೆ ಮಾಡಬಹುದಾದ ಒಂದು ಆಟ. ಮೈಸೂರಿನಲ್ಲಿ ದಸರಾ ಬೊಂಬೆ ಕೂರಿಸುವ ಮನೆಗಳಲ್ಲಿ ಪಾರ್ಕ್ ಮಾಡುತ್ತಾರಲ್ಲ, ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಾರೆ. ಎರಡು ತಟ್ಟೆ ಮಾಡಿ. ಒಂದನ್ನು ಕಿಟಕಿ ಹತ್ತಿರ ಇಡಿ, ಇನ್ನೊಂದನ್ನು ಬೀರುವಿನೊಳಗೆ ಕತ್ತಲಲ್ಲಿಡಿ. ಐದಾರು ದಿನ ಬಿಟ್ಟು ನೋಡಿದರೆ ಕಿಟಕಿಯದು ಗಿಡ್ಡ, ಗಟ್ಟಿ, ಹಸಿರು. ಬೀರುವಿನದು ಉದ್ದ, ನಿತ್ರಾಣ, ಬೆಣ್ಣೆಯಂತೆ ಹಳದಿ. ಪೈರು ಬೆಳಕಿಲ್ಲದೆ ಹಸಿರನ್ನು ಅರ್ಧ ಮಾಡಿಟ್ಟುಕೊಂಡು ಕಾಯುತ್ತಿರುತ್ತದೆ, ಕೊನೆಯ ಒಂದು ಹಂತಕ್ಕೆ ಬೆಳಕೇ ಬೇಕು. ಈಗ ಹಳದಿ ತಟ್ಟೆಯನ್ನು ಬೆಳಿಗ್ಗೆ ಆಚೆ ಇಡಿ. ಸಂಜೆ ಹೊತ್ತಿಗೆ ಬಣ್ಣ ತಿರುಗಿರುತ್ತದೆ. ಹಸಿರು ಅನ್ನುವುದನ್ನು ಗಿಡ ದಿನಾ ಮಾಡಿಕೊಳ್ಳುತ್ತಿರಬೇಕು, ಹಳೆಯದು ಒಡೆಯುತ್ತಿರುತ್ತದೆ, ಹೊಸದು ಕಟ್ಟುತ್ತಿರುತ್ತದೆ. ಗೋಡೆಗೆ ಸುಣ್ಣ ಹೊಡೆದ ಹಾಗೆ ಒಂದು ಸಲ ಬಳಿದು ಕೂರುವ ಬಣ್ಣ ಅದಲ್ಲ.

ಅಡುಗೆಮನೆಯ ಪ್ರಶ್ನೆಗೆ ಉತ್ತರ ಹುಣಸೆಹಣ್ಣು. ಸೊಪ್ಪನ್ನು ಹುಳಿಯ ಜೊತೆ ಬೇಯಿಸಿದರೆ ಹುಳಿ ಆ ನಡುವಿನ ಮೆಗ್ನೀಸಿಯಂ ಅನ್ನು ಕಿತ್ತು ಆಚೆ ಹಾಕುತ್ತದೆ. ಉಳಿಯುವುದು ಮಂಕು, ಮಿಲಿಟರಿ ಬಟ್ಟೆಯ ಬಣ್ಣ. ಸೊಪ್ಪಿನೊಳಗೇ ಸ್ವಲ್ಪ ಹುಳಿ ಇರುವುದರಿಂದ ಹುಣಸೆ ಹಾಕದಿದ್ದರೂ ಮುಚ್ಚಳ ಮುಚ್ಚಿ ಜಾಸ್ತಿ ಹೊತ್ತು ಬೇಯಿಸಿದರೆ ಹೀಗೇ ಆಗುತ್ತದೆ. ಮುಚ್ಚಳ ತೆಗೆದಿಟ್ಟರೆ ಆವಿಯ ಜೊತೆ ಸ್ವಲ್ಪ ಹುಳಿ ಹಾರಿಹೋಗುತ್ತದೆ.

ಇದನ್ನು ಬಸ್ಸಾರಿನಲ್ಲಿ ನೋಡಿ. ಸೊಪ್ಪು, ಕಾಳು ಬೇಯಿಸುತ್ತೀರಿ, ಹುಣಸೆ ಇಲ್ಲ. ಬಸಿಯುತ್ತೀರಿ. ಸೊಪ್ಪು ಒಂದು ಕಡೆ ಪಲ್ಯಕ್ಕೆ ಹೋಗುತ್ತದೆ, ಬಸಿದ ಕಟ್ಟು ಇನ್ನೊಂದು ಕಡೆ ಸಾರಿಗೆ ಹೋಗುತ್ತದೆ. ಖಾರ, ಹುಣಸೆ ಎಲ್ಲಾ ಕಟ್ಟಿಗೆ. ಹುಳಿ ಬೀಳುವ ಹೊತ್ತಿಗೆ ಸೊಪ್ಪು ಆ ಪಾತ್ರೆಯಲ್ಲೇ ಇಲ್ಲ! ಅದಕ್ಕೇ ಬಸ್ಸಾರಿನ ಪಲ್ಯ ಹಸಿರಾಗಿರುತ್ತದೆ, ಟೊಮೆಟೊ ಹುಣಸೆ ಹಾಕಿ ಒಟ್ಟಿಗೆ ಬೇಯಿಸಿ ಮಸೆದ ಮಸ್ಸೊಪ್ಪು ಮಂಕಾಗಿರುತ್ತದೆ. ಮಸ್ಸೊಪ್ಪಿನ ರುಚಿಗೆ ನಾನು ಅಡ್ಡ ಮಾತಾಡುವುದಿಲ್ಲ, ಬಣ್ಣದ ಮಾತಷ್ಟೇ. ಕೆಲವರು ಹಸಿರು ಉಳಿಯಲಿ ಅಂತ ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಹಸಿರೇನೋ ಉಳಿಯುತ್ತದೆ, ಸೊಪ್ಪು ಲೊಳಲೊಳ ಆಗುತ್ತದೆ, ಜೀವಸತ್ವವೂ ಹಾಳು. ನನ್ನ ಮಾತು ಕೇಳುವುದಾದರೆ ಬೇಡ.

ಇನ್ನೂ ಒಂದು ಹಸಿರಿನಿಂದ ಹುಷಾರಾಗಿರಬೇಕು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಹತ್ತುತ್ತದೆ. ಅದು ತಾಮ್ರ ಹುಳಿಯ ಜೊತೆ ಸೇರಿ ಆದ ಹಸಿರು, ವಿಷ. ತಮಾಷೆಯೆಂದರೆ, ಹುಳಿ ಕಿತ್ತುಹಾಕಿದ ಮೆಗ್ನೀಸಿಯಂ ಜಾಗಕ್ಕೆ ತಾಮ್ರ ಬಂದು ಕೂತರೆ ಸೊಪ್ಪಿನ ಹಸಿರು ವಾಪಸ್ ಬರುತ್ತದೆ, ಮೊದಲಿಗಿಂತ ಜೋರಾಗಿ. ಉಪ್ಪಿನಕಾಯಿ ಪಳಪಳ ಹಸಿರಾಗಿರಲಿ ಅಂತ ಹಿಂದೆ ಯೂರೋಪಿನಲ್ಲಿ ತಾಮ್ರದ ಪಾತ್ರೆಯಲ್ಲೇ ಹಾಕುತ್ತಿದ್ದರು. ನಮ್ಮಲ್ಲಿ ಈಗಿನ ಕಾಟ ಮ್ಯಾಲಕೈಟ್ ಗ್ರೀನ್ ಅನ್ನುವ ಬಣ್ಣದ್ದು. ಬಟಾಣಿ, ಬೆಂಡೆಕಾಯಿ, ಮೆಣಸಿನಕಾಯಿಗೆ ಬಳಿಯುವವರು ಇದ್ದಾರೆ. ಹತ್ತಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಹಚ್ಚಿ ಕಾಯಿಯನ್ನು ಉಜ್ಜಿ ನೋಡಿ. ಹತ್ತಿ ಹಸಿರಾದರೆ ಆ ಕಾಯಿ ಬೇಡ. ನಿಜವಾದ ಹಸಿರು ಹಾಗೆ ಬಿಟ್ಟುಕೊಡುವುದಿಲ್ಲ.

ಬಿಟ್ಟುಕೊಡದ ಹಸಿರನ್ನು ಬಟ್ಟೆಗೆ ಹಾಕಬಹುದಲ್ಲ ಅಂದುಕೊಳ್ಳಬೇಡಿ. ಸೊಪ್ಪು ಅರೆದು ಬಟ್ಟೆಗೆ ಹಾಕಿದರೆ ನಾಲ್ಕು ಒಗೆತಕ್ಕೆ ಕಂದಾಗುತ್ತದೆ. ಲೋಕದಲ್ಲಿ ಇಷ್ಟೊಂದು ಎಲೆ ಇದ್ದರೂ ಬಟ್ಟೆಗೆ ನಿಲ್ಲುವ ಹಸಿರು ಎಲೆಯಿಂದ ಸಿಗಲಿಲ್ಲ. ಹಿಂದಿನ ಬಣ್ಣಗಾರರು ಬಟ್ಟೆಯನ್ನು ಮೊದಲು ಹಳದಿಗೆ ಅದ್ದಿ ಆಮೇಲೆ ನೀಲಿಗೆ ಅದ್ದುತ್ತಿದ್ದರು, ಅಥವಾ ಮೊದಲು ನೀಲಿ, ಆಮೇಲೆ ಹಳದಿ. ಹಳದಿ ಬೇಗ ಮಾಸುತ್ತದೆ, ನೀಲಿ ಗಟ್ಟಿ. ಅದಕ್ಕೇ ಯೂರೋಪಿನ ಅರಮನೆಗಳ ಹಳೆಯ ನೇಯ್ಗೆಯ ಚಿತ್ರಗಳಲ್ಲಿ ಮರಗಳೆಲ್ಲ ಈಗ ನೀಲಿ. 1775ರಲ್ಲಿ ಶೇಲೆ ಅನ್ನುವ ಸ್ವೀಡನ್ನಿನ ರಸಾಯನ ಪಂಡಿತ ಒಂದು ಗಟ್ಟಿ ಹಸಿರು ಮಾಡಿದ, ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ. ಆಮೇಲೆ ಗೋಡೆ ಕಾಗದಕ್ಕೆ, ಬಟ್ಟೆಗೆ, ಮಕ್ಕಳ ಆಟಿಕೆಗೆಲ್ಲ ಆ ಪಾಷಾಣ ಬಳಿದರು. ಮೈಸೂರು ಸಿಲ್ಕಿನ ಕಾರ್ಖಾನೆ ಶುರುವಾದ 1912ರ ಹೊತ್ತಿಗೆ ಕಾರ್ಖಾನೆಯ ಬಣ್ಣಗಳು ಬಂದು ಈ ಪಾಡು ತಪ್ಪಿತ್ತು. ಈಗ ಅಂಗಡಿಯಲ್ಲಿ ಗಿಳಿಹಸಿರು, ಬಾಟಲ್ ಗ್ರೀನ್, ಮೆಹಂದಿ ಗ್ರೀನ್ ಅಂತ ಮಡಿಕೆ ಬಿಚ್ಚಿ ಹಾಕುತ್ತಾರೆ.

ಗಿಳಿಹಸಿರು ಅಂದೆ. ಗಿಳಿಯೂ ಹಳೇ ಬಣ್ಣಗಾರನ ಉಪಾಯವನ್ನೇ ಮಾಡಿದೆ. ಅದರ ಗರಿಯಲ್ಲಿ ಹಸಿರು ಬಣ್ಣ ಅಂತ ಒಂದು ಪದಾರ್ಥವೇ ಇಲ್ಲ. ಗರಿಯೊಳಗಿನ ಸಣ್ಣ ಸಣ್ಣ ರಂಧ್ರಗಳ ಜೋಡಣೆ ನೀಲಿ ಬೆಳಕನ್ನು ಚೆದರಿಸುತ್ತದೆ, ಮೇಲೆ ಹಳದಿ ಬಣ್ಣದ ಲೇಪ ಇದೆ, ಎರಡೂ ಕೂಡಿ ಹಸಿರು. ಹುಟ್ಟುವಾಗಲೇ ಹಳದಿ ತಪ್ಪಿಹೋದ ಗಿಳಿ ನೀಲಿಯಾಗಿಯೇ ಬೆಳೆಯುತ್ತದೆ. ನಮ್ಮ ತೋಟಗಳಿಗೆ ಬರುವ ಕೊರಳಪಟ್ಟಿಯ ಗಿಳಿಯಲ್ಲೇ ಅಂಥ ನೀಲಿ ಜಾತಿ ಇದೆ.

ಆಚಾರ ವಿಚಾರದ ಹಸಿರು ನಿಮಗೆ ನಾನು ಹೇಳಬೇಕಾಗಿಲ್ಲ. ಚಪ್ಪರಕ್ಕೆ ಸೊಪ್ಪು, ಬಾಗಿಲಿಗೆ ತೋರಣ, ಮದುವೆಯಲ್ಲೂ ಸೀಮಂತದಲ್ಲೂ ಹಸಿರು ಗಾಜಿನ ಬಳೆ. ದರ್ಗಾಕ್ಕೆ ಹೊದಿಸುವ ಚಾದರವೂ ಹಸಿರು. ಮಂಡ್ಯದ ಕಡೆ ಇವೆಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಹೆಗಲ ಮೇಲಿನ ಹಸಿರು ಶಾಲು. 1980ರಲ್ಲಿ ರೈತ ಸಂಘ ಹುಟ್ಟಿದ ಮೇಲೆ ಎಂ.ಡಿ. ನಂಜುಂಡಸ್ವಾಮಿಯವರಿಂದ ಹಿಡಿದು ನಮ್ಮ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರವರೆಗೆ ಅದು ಹೆಗಲಿಂದ ಇಳಿಯಲಿಲ್ಲ. ಕಾವೇರಿ ಗಲಾಟೆಯ ದಿನಗಳಲ್ಲಿ ಮೈಸೂರು–ಬೆಂಗಳೂರು ರಸ್ತೆಯಲ್ಲಿ ದೂರದಲ್ಲಿ ಹಸಿರು ಕಂಡರೆ ಬಸ್ ಡ್ರೈವರ್ ಅದು ಗದ್ದೆಯಾ, ಶಾಲಾ ಅಂತ ನೋಡಿಕೊಂಡೇ ಮುಂದೆ ಹೋಗಬೇಕು. ಸಿಗ್ನಲ್ಲಿನಲ್ಲಿ ಹಸಿರು ಅಂದರೆ ಹೋಗು. ಮದ್ದೂರಿನ ಹತ್ತಿರ ಹಸಿರು ಅಂದರೆ ನಿಲ್ಲು!

ಆ ಗದ್ದೆಗಳಾದರೂ ತೀರಾ ಹಳೆಯವೇನಲ್ಲ. ಕೆ.ಆರ್.ಎಸ್. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆಮೇಲೆ ಇರ್ವಿನ್ ನಾಲೆ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ ಬಂತು. ಅಲ್ಲಿಯವರೆಗೆ ಮಂಡ್ಯದ ಬಹುಪಾಲು ರಾಗಿ ಹೊಲ, ಮಳೆ ಬಂದಷ್ಟು ದಿನ ಹಸಿರು. ನಾಲೆ ನೀರು ಬಂದ ಮೇಲೆ ಭತ್ತ, ಕಬ್ಬು. ವರ್ಷ ಪೂರ್ತಿ ಹಸಿರು.

ಈಗ ನಿಮ್ಮಪ್ಪನ ಚಿಂತೆ. ಅವರು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಕೈ ಸುಟ್ಟುಕೊಂಡು. ರಿಟೈರ್ ಆದ ವರ್ಷ ಊರಿನ ಒಂದೆಕರೆ ಗದ್ದೆಗೆ ನಾನೇ ಇಳಿದೆ. ಸಸ್ಯಶಾಸ್ತ್ರ ಓದಿದವನು, ಹಸಿರಿಗೆ ಸಾರಜನಕ ಬೇಕು ಅಂತ ಗೊತ್ತು. ಯೂರಿಯಾದಲ್ಲಿ 100ಕ್ಕೆ 46 ಪಾಲು ಸಾರಜನಕ. 45 ಕೆ.ಜಿ. ಮೂಟೆ ಅಂದರೆ ಹತ್ತಿರ ಹತ್ತಿರ 21 ಕೆ.ಜಿ. ನಾಟಿಯಾಗಿ ಮೂರು ವಾರಕ್ಕೆ ಎರಚಿದೆ. ನಾಲ್ಕೈದು ದಿನಕ್ಕೆ ಗದ್ದೆ ಬಣ್ಣ ತಿರುಗಿತು. ಖುಷಿಯಾಗಿ ಇನ್ನೊಂದು ಸಲ ಎರಚಿದೆ. ಹೊಡೆ ತುಂಬುವ ಹೊತ್ತಿಗೆ ಮತ್ತೊಂದು ಸಲ. ಅಕ್ಕಪಕ್ಕದ ಗದ್ದೆಗಳೆಲ್ಲ ನನ್ನದರ ಮುಂದೆ ಸಪ್ಪೆ. ಬದುವಿನ ಮೇಲೆ ನಿಂತು ಫೋಟೋ ಬೇರೆ ತೆಗೆದೆ. ಪಕ್ಕದ ಗದ್ದೆಯವರು ಎಲೆಯಡಿಕೆ ಹಾಕಿಕೊಳ್ಳುತ್ತಾ ಸುಮ್ನೆ ನೋಡಿದರು. ಆಮೇಲೆ ಹೇಳಿದರು:

"ಏನ್ ಮೇಷ್ಟ್ರೇ, ಪೈರು ಹಸ್ರಾಗಿಲ್ಲ, ಕರ್ರಗಾಗದೆ. ಕೊಬ್ಬದೆ ಅದು."

ಹದಿನೈದು ದಿನಕ್ಕೆ ಎಲೆ ಮೇಲೆ ಕಣ್ಣಿನಾಕಾರದ ಚುಕ್ಕೆ ಬಂತು, ಬೆಂಕಿ ರೋಗ. ತೆನೆ ಬಂದ ಮೇಲೆ ಕುತ್ತಿಗೆಗೂ ಹತ್ತಿತು, ಅರ್ಧಕ್ಕರ್ಧ ಜೊಳ್ಳು. ಉಳಿದದ್ದು ಒಂದು ರಾತ್ರಿಯ ಮಳೆಗೆ ಮಲಗಿತು. ಸಾರಜನಕ ಜಾಸ್ತಿಯಾದರೆ ಎಲೆ ಅಗಲವಾಗುತ್ತದೆ, ಮೆತ್ತಗಾಗುತ್ತದೆ, ಕೋಶಗಳ ಗೋಡೆ ತೆಳ್ಳಗಾಗುತ್ತದೆ. ಒಳಗೆ ರಸ ಹೆಚ್ಚು, ರೋಗಕ್ಕೂ ಕಂದು ಜಿಗಿ ಹುಳುವಿಗೂ ಹಬ್ಬದೂಟ. ಪೈರು ಉದ್ದಕ್ಕೆ ಎದ್ದು ಬುಡ ಸೋಲುತ್ತದೆ. ಎಂಥ ಮಾತು ನೋಡಿ, ಕೊಬ್ಬಿದೆ ಅನ್ನುವುದು. ನನ್ನ ಮೂವತ್ತು ವರ್ಷದ ಪಾಠದಲ್ಲಿ ಅಷ್ಟು ನೇರವಾದ ಒಂದು ವಾಕ್ಯ ಇರಲಿಲ್ಲ.

ಹಳದಿಯಾದರೂ ತಕ್ಷಣ ಯೂರಿಯಾಕ್ಕೆ ಓಡಬೇಡಿ ಅಂತ ನಿಮ್ಮಪ್ಪನಿಗೆ ಹೇಳುವುದೇನೂ ಬೇಡ, ಅವರಿಗೆ ಗೊತ್ತಿರುತ್ತದೆ. ನಿಮಗೆ ಹೇಳುತ್ತೇನೆ. ಬುಡದ ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಗಿಡ ಹಳೆ ಎಲೆಯಿಂದ ಸಾರಜನಕ ಬಿಚ್ಚಿಕೊಂಡು ಎಳೆಯದಕ್ಕೆ ಕೊಡುತ್ತದೆ, ಮನೆಯಲ್ಲಿ ಹಿರಿಯರು ಮಕ್ಕಳಿಗೆ ಬಡಿಸಿದ ಹಾಗೆ. ಹಳೆಯದು ಹಸಿರಾಗಿದ್ದು ಸುಳಿಯ ಎಲೆಯೇ ಬಿಳಿಚಿಕೊಂಡರೆ ಕಬ್ಬಿಣದ ಕೊರತೆ ಇರಬಹುದು. ಕಬ್ಬಿಣ ಹಾಗೆ ಎಲೆಯಿಂದ ಎಲೆಗೆ ಸುಲಭವಾಗಿ ಹೋಗದು. ಕೂಳೆ ಕಬ್ಬಿನಲ್ಲಿ ಇದನ್ನು ನೋಡಿಯೇ ಇರುತ್ತೀರಿ.

ಭತ್ತಕ್ಕೆ ಒಂದು ಸುಲಭದ ಸಾಧನ ಇದೆ. ಎಲೆ ಬಣ್ಣದ ಪಟ್ಟಿ, ಎಲ್‌ಸಿಸಿ ಅನ್ನುತ್ತಾರೆ. ಕೈಯಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ತಿಳಿ ಹಸಿರಿನಿಂದ ಕಡುಹಸಿರಿನವರೆಗೆ ನಾಲ್ಕೋ ಆರೋ ಮನೆಗಳು, ಭತ್ತದ ಎಲೆಯ ಗೆರೆಗಳ ಥರವೇ ಗೆರೆ ಕೂಡ ಇರುತ್ತದೆ. ಉಪಾಯ ಮೊದಲು ಜಪಾನಿನದು, ನಮ್ಮ ರೈತರವರೆಗೆ ತಂದದ್ದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ. ನಾಟಿಯಾದ 14ನೇ ದಿನದಿಂದ ಹೂ ಕಟ್ಟುವವರೆಗೆ 7–10 ದಿನಕ್ಕೊಮ್ಮೆ ನೋಡಬೇಕು. ಬೆಳಿಗ್ಗೆ 8ರಿಂದ 10ರ ಒಳಗೆ. ಗದ್ದೆಯಲ್ಲಿ ಅಲ್ಲಲ್ಲಿ 10 ಗಿಡ ಆರಿಸಿ, ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ಹೋಲಿಸಬೇಕು. ಎಲೆ ಕೀಳಬಾರದು. 10ರಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಎಲೆ ಹೇಳಿದ ಮನೆಗಿಂತ ತಿಳಿಯಾಗಿದ್ದರೆ ಮಾತ್ರ ಯೂರಿಯಾ. ಆ ಮನೆ ತಳಿ ನೋಡಿಕೊಂಡು 3 ಅಥವಾ 4. ನಿಮ್ಮ ತಳಿಗೆ ಯಾವುದು, ಸಲಕ್ಕೆ ಎಷ್ಟು ಕೆ.ಜಿ. ಅನ್ನುವುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೋ ಕೇಳಿ.

ಮುಖ್ಯವಾದ ಒಂದು ಎಚ್ಚರಿಕೆ ಇದೆ. ಬಿಸಿಲು ನೇರವಾಗಿ ಎಲೆ ಮೇಲೆ ಬಿದ್ದರೆ ಎಲ್ಲಾ ಹಸಿರೂ ತಿಳಿಯಾಗಿಯೇ ಕಾಣುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು ಮೈಯ ನೆರಳಿನಲ್ಲಿ ನೋಡಬೇಕು. ಪ್ರತಿ ಸಲವೂ ಒಬ್ಬರೇ ನೋಡಿದರೆ ಒಳ್ಳೆಯದು, ಒಬ್ಬೊಬ್ಬರ ಕಣ್ಣು ಒಂದೊಂದು ಥರ. ಗಂಡಸರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ, ಎಷ್ಟೋ ಜನಕ್ಕೆ ಅದು ಗೊತ್ತೂ ಇರುವುದಿಲ್ಲ. ಹೆಂಗಸರಲ್ಲಿ ಇದು ಬಹಳ ಕಮ್ಮಿ.

ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಈ ಕೆಲಸಕ್ಕೆ ಮಗಳನ್ನೇ ಹಚ್ಚಿ. ತಾತ ಬೆನ್ನು ತಿರುಗಿಸಿ ನೆರಳು ಮಾಡಲಿ, ಮೊಮ್ಮಗಳು ಎಲೆ ಇಟ್ಟು ನೋಡಿ ಮನೆ ಹೇಳಲಿ. ಹತ್ತರವರೆಗೆ ಎಣಿಸೋದಕ್ಕೆ ಬರುತ್ತದೆ ಅಲ್ವಾ, ಅಷ್ಟು ಸಾಕು.